ಬದಲಿ ಪುರ್ಜೆ

"ಒಳಗಿನ ಖೋಲಿಗೆ ಹೋಗಬ್ಯಾಡ್ರಿ. ಹೋದ್ರೂ ಆ ತಗಡಿನ ಡಬ್ಬಿ ಮುಟ್ಟಬ್ಯಾಡ್ರಿ. ಮುಟ್ಟಿದ್ರೂ ಅದರಾಗಿಂದ ಒಂದು ಪುರ್ಜೆನೂ ತಗೀಬ್ಯಾಡ್ರಿ," ಎಂದ ಯಂಕಣ್ಣ.

ಕೊಟ್ರೇಶ ಗಹಗಹಿಸಿ ನಕ್ಕ. ಚಾಪೆಗಳ ಮೇಲೆ ಕೂತಿದ್ದ ಹತ್ತು ಹನ್ನೆರಡು ಜನ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಅವನತ್ತ ನೋಡಿದರು.

"ಯಾಕ್ರಿ ಅಜ್ಜಾರ, ಗಡಿಯಾರ ಕಚ್ಚತೈತೇನು?"

"ಕಚ್ಚಂಗಿಲ್ಲ," ಎಂದ ಮುದುಕ. "ತಗೊಂತೈತಿ."

ಗದ್ವಾಲ ಕೋಟೆಯ ಹಿಂದಿನ ಓಣಿಯಲ್ಲಿ, ಶ್ರೀರಾಮುಲು ಎಂಬುವನ ಮುಚ್ಚಿಹೋದ ಗಡಿಯಾರದಂಗಡಿಯಲ್ಲಿ ನಡೆದ ಮಾತು ಇದು. ನಾರಾಯಣಪೇಟೆ ಬೇರೆ ಜಿಲ್ಲೆಯಾದ ವರ್ಷ, ಆಷಾಢದ ಎರಡನೆಯ ಭಾನುವಾರ. ರಾಯಚೂರು, ಕರ್ನೂಲು, ಮಕ್ತಲ, ಧನ್ವಾಡ ಕಡೆಯ ಗಡಿಯಾರ ರಿಪೇರಿಯವರು ವರ್ಷಕ್ಕೊಮ್ಮೆ ಅಂದು ಅಲ್ಲಿ ಸೇರುತ್ತಾರೆ. ಮೊಬೈಲು ಬಂದ ಮೇಲೆ ಅವರ ಹೊಟ್ಟೆಪಾಡು ಅಷ್ಟಕ್ಕಷ್ಟೇ. ಅರ್ಧ ಜನ ಈಗ ಸಿಮ್ ಕಾರ್ಡು, ಟಿ.ವಿ. ರಿಮೋಟು ಮಾರುತ್ತಾರೆ. ಆದರೂ ಕೂಟ ತಪ್ಪಿಸುವುದಿಲ್ಲ. ಉದ್ದನೆಯ ಪಡಸಾಲೆಯ ತುಂಬ ಚಾಪೆ, ಚಾಪೆಯ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದ ಗಡಿಯಾರಗಳು. ಪೆಟ್ರೋಲಿನ ವಾಸನೆ, ಕಮಟು ಎಣ್ಣೆಯ ವಾಸನೆ, ಬೆವರಿದ ಹಿತ್ತಾಳೆಯ ವಾಸನೆ. ನೂರಾರು ಗಡಿಯಾರ ಒಂದಕ್ಕೊಂದು ತಾಳ ಹೊಂದದೆ ಟಿಕಟಿಕ ಅನ್ನುತ್ತಿದ್ದವು. ಈಚೆಗೆ ಹಳೆಯ ಗಡಿಯಾರ ಕೂಡಿಡುವ ಶೋಕಿಯವರೂ ಅಲ್ಲಿಗೆ ಬರತೊಡಗಿದ್ದರು.

ಕೊಟ್ರೇಶ ಅಂಥ ಶೋಕಿಯವನು. ನಾರಾಯಣಪೇಟೆಯಲ್ಲಿ ಟೈಲ್ಸ್ ಅಂಗಡಿ, ಮಾಳಿಗೆ ಮನೆ, ಹೆಂಡತಿ ಬಸವೇಶ್ವರಿ, ಎಂಟು ವರ್ಷದ ಮಗಳು ಭಾಗ್ಯಜ್ಯೋತಿ. ಇವೆಲ್ಲಕ್ಕಿಂತ ಮೇಲೆ, ಮಹಡಿಯ ಗಾಜಿನ ಬೀರುವಿನಲ್ಲಿ ನೂರ ನಲವತ್ತು ಗಡಿಯಾರ. ಒಂದರೊಳಗೂ ನಕಲಿ ಪುರ್ಜೆ, ನಕಲಿ ಬಿಡಿಭಾಗ ಇಲ್ಲ ಎಂಬುದು ಅವನ ಜಂಬ. ಅವನ ಕೈಗೆ ಗಡಿಯಾರ ಕೊಟ್ಟರೆ ಹಿಂದುಮುಂದು ತಿರುಗಿಸಿ, ಮುಳ್ಳು ಬೇರೆ, ಕೀಲಿ ಬೇರೆ, ಅಂಕಿ ಮೇಲೆ ಆಮೇಲೆ ಬಣ್ಣ ಬಿದ್ದಿದೆ ಎಂದು ಹೇಳಿ, ಕೊಟ್ಟವನ ಮುಖ ಸಣ್ಣದಾಗುವುದನ್ನು ನೋಡಿ ಖುಷಿಪಡುತ್ತಿದ್ದ. ಅವನ ವಾಟ್ಸಾಪ್ ಗುಂಪಿನವರು ಅವನನ್ನು ಕರೆಯುತ್ತಿದ್ದುದೇ ಅಸಲಿ ಕೊಟ್ರೇಶ ಎಂದು. ಇಂಥವರನ್ನು ದೇವರು ಯಾಕೆ ಇಷ್ಟು ದಿನ ಸುಮ್ಮನೆ ಬಿಡುತ್ತಾನೋ ನನಗೆ ತಿಳಿಯದು.

ಕೂಟದ ನಡಾವಳಿ ಒಂದೇ. ಅಲ್ಲಿ ಯಾವ ಪುರ್ಜೆಗೂ ಬೆಲೆ ಕಟ್ಟುವುದಿಲ್ಲ. ಪುರ್ಜೆಗೆ ಪುರ್ಜೆಯೇ ಕೊಡಬೇಕು. ಒಂದು ಮುಳ್ಳು ತೆಗೆದುಕೊಂಡರೆ ಒಂದು ಮುಳ್ಳು, ಸ್ಪ್ರಿಂಗಿಗೆ ಸ್ಪ್ರಿಂಗು, ಅದೂ ಕೆಲಸಕ್ಕೆ ಬರುವಂಥದ್ದು. ಬರಿಗೈಯವರು ಬರಿಗೈಯಲ್ಲೇ ಏಳುತ್ತಾರೆ.

ಕೊಟ್ರೇಶ ಬಂದದ್ದು ಒಂದು ಪುರ್ಜೆಯ ಹುಡುಕಾಟಕ್ಕೆ. ಅವನ ಬೀರುವಿನ ನಡುವಿನ ಖಾನೆಯಲ್ಲಿ ನಿಜಾಮರ ಕಾಲದ ಒಬ್ಬ ತಾಲೂಕ್ದಾರನ ಕಿಸೆ ಗಡಿಯಾರವಿತ್ತು. ಸ್ವಿಸ್ ಮಾಲು, ಬೆಳ್ಳಿಯ ಮೈ. ಆದರೆ ಅದರ ಬ್ಯಾಲೆನ್ಸ್ ಚಕ್ರ, ಅಂದರೆ ಅತ್ತಿತ್ತ ತೂಗಾಡಿ ಗಡಿಯಾರಕ್ಕೆ ಬಡಿತ ಕೊಡುವ ಪುಟ್ಟ ಚಕ್ರ, ಕಳೆದುಹೋಗಿತ್ತು. ಹನ್ನೆರಡು ವರ್ಷ ಹುಡುಕಿದ್ದ. ಮುಂಬಯಿಯಿಂದ ಒಂದು ನಕಲಿ ತರಿಸಿದ್ದ. ತೂಕದಲ್ಲಿ, ಅಳತೆಯಲ್ಲಿ, ಬಣ್ಣದಲ್ಲಿ ಕೂದಲೆಳೆಯ ಫರಕಿಲ್ಲ. ಆದರೂ ನಕಲಿಯನ್ನು ಹಾಕಲು ಮನಸ್ಸಾಗದೆ ಪುಟ್ಟ ಡಬ್ಬಿಯಲ್ಲಿಟ್ಟು ಕಿಸೆಯಲ್ಲೇ ತಿರುಗಿಸುತ್ತಿದ್ದ. ಅಂಥದೇ ಗಡಿಯಾರ ಒಳಗಿನ ಖೋಲಿಯಲ್ಲಿದೆ ಎಂದು ಯಾರೋ ಹೇಳಿದ ಮೇಲೆಯೇ ಅವನು ಯಂಕಣ್ಣನ ಪಕ್ಕ ಬಂದು ಕೂತದ್ದು. ಯಂಕಣ್ಣ ಮಕ್ತಲದ ಬಸ್‌ಸ್ಟ್ಯಾಂಡಿನೆದುರು ನಲವತ್ತು ವರ್ಷ ಕೆಲಸ ಮಾಡಿದವನು. ಎರಡು ಕಣ್ಣಿಗೂ ಪೊರೆ ಬಂದು ಈಗ ಬೆರಳಿನಿಂದಲೇ ನೋಡುತ್ತಿದ್ದ. ಖೋಲಿಯ ಕೀಲಿ ಅವನ ಉಡಿದಾರದಲ್ಲಿ ನೇತಾಡುತ್ತಿತ್ತು.

"ಮೂವತ್ತೈದು ವರ್ಷದ ಹಿಂದ ಮೊಗುಲಮ್ಮ ಅಂತ ಒಬ್ಬಾಕಿ ಇದ್ದಳು, ಮಾಗನೂರು ಕಡೆಯಾಕಿ," ಎಂದು ಮುದುಕ ತಗ್ಗಿದ ದನಿಯಲ್ಲಿ ಹೇಳಿದ. "ಗಂಡ ಕಾಲುವಿ ಕೆಲಸದಾಗ ಟೈಮ್‌ಕೀಪರ್. ಮಣ್ಣು ಕುಸಿದು ಸತ್ತ. ಅವನ ಗಡಿಯಾರ ಒಂದ ಉಳೀತು. ಎಣ್ಣಿ ಹಾಕ್ಸಾಕ ಇಲ್ಲಿಗಿ ತಂದಳು. ಶ್ರೀರಾಮುಲು ಅಸಲಿ ಚಕ್ರ ಕದ್ದು ನಕಲಿ ಹಾಕಿ ಕೊಟ್ಟ. ಆಕಿ ಕಿವಿಗಿಟ್ಕೊಂಡಾಕಿನ, ಇದು ನನ್ನ ಗಂಡಂದಲ್ಲ ಅಂದಳು. ನಾವು ಎಂಟು ಮಂದಿ ಕುಂತಿದ್ವಿ. ಎಂಟೂ ಮಂದಿ ಅದ ಐತಿ ಅಂತ ಆಣಿ ಮಾಡಿದ್ವಿ. ನಕ್ವಿ ಸಹಿತ."

"ಆಮ್ಯಾಲೆ?"

"ಮೂರು ದಿನ ಹೊಸ್ತಿಲ ಮ್ಯಾಲ ಕುಂತಳು. ನಾಲ್ಕನೇ ದಿನ ಮಾನೋಪಾಡಿನ ಕಡೆಯ ಒಬ್ಬ ಮಾಟಗಾರನ್ನ ಕರ್ಕೊಂಡು ಬಂದಳು. ಗಡಿಯಾರ ಡಬ್ಬಿಯಾಗ ಇಟ್ಟು, ಇದರಾಗ ಏನು ಕಮ್ಮಿ ಆಗತೈತೋ ಅದನ್ನ ಇದು ಕದ್ದವನ ಮನಿಯಾಗಿಂದ ತುಂಬ್ಕೊಳ್ಳಲಿ ಅಂದಳು. ಎದ್ದು ಹೋದಳು. ಮತ್ತ ಯಾರೂ ಆಕಿನ್ನ ಕಂಡಿಲ್ಲ. ಶ್ರೀರಾಮುಲುಗ ಇಬ್ಬರು ಗಂಡು ಮಕ್ಕಳಿದ್ರು. ಅವ ಚಕ್ರ ವಾಪಸ್ ಇಡೂದರಾಗ ಹೊತ್ತಾಗಿತ್ತು. ಅವತ್ತಿಂದ ಇಲ್ಲಿ ಪುರ್ಜೆಗೆ ಪುರ್ಜೆ."

ಕೊಟ್ರೇಶ ತೊಡೆ ತಟ್ಟಿಕೊಂಡು ನಕ್ಕ. ಚಲೋ ಕತಿ ಐತ್ರಿ, ಟಿ.ವಿ.ಯವರಿಗೆ ಕೊಡ್ರಿ ಅಂದ.

ಮಧ್ಯಾಹ್ನ ಊಟಕ್ಕೆಂದು ಎಲ್ಲರೂ ಹಿತ್ತಲಿಗೆ ಹೋದರು. ಯಂಕಣ್ಣ ಕೈ ತೊಳೆಯಲು ಹೋಗುವಾಗ ಉಡಿದಾರದ ಕೀಲಿಯನ್ನು ಬಿಚ್ಚಿ ಅಂಗಿಯ ಕಿಸೆಗೆ ಹಾಕಿ, ಅಂಗಿಯನ್ನು ಗೂಟಕ್ಕೆ ನೇತುಹಾಕಿದ. ಕಣ್ಣು ಕಾಣದವರು ಎಚ್ಚರ ತಪ್ಪುವುದು ಇಂಥ ಕಡೆಯೇ. ಕೊಟ್ರೇಶನಿಗೆ ಅಷ್ಟು ಸಾಕಾಗಿತ್ತು.

ಒಳಗಿನ ಖೋಲಿಗೆ ಕಿಟಕಿ ಇರಲಿಲ್ಲ. ಹೊರಗೆ ಒಂದೂವರೆ ಗಂಟೆಯ ಬಿಸಿಲು. ಒಳಗೆ ಬಾವಿಯ ತಳದ ಕತ್ತಲೆ. ಬಾವಲಿಯ ಹೇಲಿನ ವಾಸನೆ, ಅದರ ಕೆಳಗೆ ಬೇರೆ ಇನ್ನೇನೋ, ಸುಟ್ಟ ಕೂದಲಿನಂಥದ್ದು. ಮೊಬೈಲಿನ ಬೆಳಕು ಬಿಟ್ಟ. ನೆಲದ ಮೇಲೆ ತಗಡಿನ ಡಬ್ಬಿ. ಅದರ ಮುಚ್ಚಳದ ಮೇಲೆ ಹಳೆಯ ಅರಿಸಿನ ಕುಂಕುಮ ಒಣಗಿ ಹೆಪ್ಪುಗಟ್ಟಿತ್ತು. ಒಳಗಿನಿಂದ ಸದ್ದು ಬರುತ್ತಿತ್ತು. ಟಿಕ್. ಟಿಕ್. ಮೂವತ್ತೈದು ವರ್ಷ ಯಾರೂ ಕೀಲಿ ಕೊಡದ ಗಡಿಯಾರ. ಯಾರೋ ಗುಟ್ಟಾಗಿ ಕೀಲಿ ಕೊಡುತ್ತಾರೆ, ಮುದುಕರ ನಾಟಕ ಎಂದುಕೊಂಡ. ಮುಚ್ಚಳ ತೆಗೆದ. ಹಿಂಬದಿ ಬಿಚ್ಚಿದ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿದ. ಕಂಪನಿಯ ಮುದ್ರೆ ಓದಿದ. ಅದೇ ಕಂಪನಿ. ಅದೇ ಚಕ್ರ. ಅಸಲಿ.

ಚಿಮಟದಿಂದ ಮೆಲ್ಲಗೆ ಎತ್ತಿದ. ಸದ್ದು ನಿಂತಿತು. ಹತ್ತಿಯಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ. ಬದಲಿಗೆ ಏನಾದರೂ ಇಡಬೇಕಲ್ಲ ಎಂದು ತಮಾಷೆ ಹೊಳೆಯಿತು. ಸತ್ತುಹೋಗಿದ್ದ ಒಂದು ಗುಂಡಿ ಸೆಲ್ಲನ್ನು ಗಡಿಯಾರದ ಮೇಲಿಟ್ಟು ಮುಚ್ಚಳ ಹಾಕಿದ. ತೊಗೋ ಮೊಗುಲಮ್ಮ, ಲೇಟೆಸ್ಟ್ ಮಾಡೆಲ್ ಅಂದ.

ಬಾಗಿಲ ಹತ್ತಿರ ಬಂದಿದ್ದ. ಹಿಂದಿನಿಂದ ಮತ್ತೆ ಕೇಳಿಸಿತು.

ಟಿಕ್.

ಬಡಿತವೇ ಇಲ್ಲದ ಗಡಿಯಾರ. ಟಿಕ್. ಟಿಕ್. ಮೊದಲಿನದಕ್ಕಿಂತ ಮೆತ್ತಗಿನ ಸದ್ದು, ಸ್ವಲ್ಪ ಒದ್ದೆ ಸದ್ದು. ಪಡಸಾಲೆಯ ಗಡಿಯಾರಗಳ ಸದ್ದು ಗೋಡೆಗೆ ಬಡಿದು ಬರುತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಕೀಲಿ ಹಾಕಿದ. ಕೀಲಿಯನ್ನು ಮುದುಕನ ಅಂಗಿಯ ಕಿಸೆಗೇ ಮರಳಿ ಸೇರಿಸಿದ.

ಐದು ಗಂಟೆಗೆ ನಾರಾಯಣಪೇಟೆ ಮುಟ್ಟಿದಾಗ ಬಸವೇಶ್ವರಿ ಬಾಗಿಲಲ್ಲೇ ನಿಂತಿದ್ದಳು. ಮಧ್ಯಾಹ್ನ ಒಂದೂವರೆಗೆ ಜ್ಯೋತಿ ಅಂಗಳದಲ್ಲಿ ಹಗ್ಗದಾಟ ಆಡುತ್ತಿದ್ದವಳು ಧೊಪ್ಪನೆ ಬಿದ್ದಿದ್ದಳಂತೆ. ಈಗ ಎದ್ದಿದ್ದಾಳೆ, ಮಾತಾಡುತ್ತಾಳೆ, ಆದರೆ ಮೈ ತಣ್ಣಗಿದೆ.

"ಬಿಸಿಲಿಗೆ ಆಗಿರಬೇಕು, ಮಜ್ಜಿಗಿ ಕುಡಸು," ಎಂದು ಹೇಳಿ ಕೊಟ್ರೇಶ ಮಹಡಿ ಹತ್ತಿದ. ಮಗಳ ಮುಖವನ್ನೂ ನೋಡಲಿಲ್ಲ. ಕಿಸೆಯಲ್ಲಿ ಹನ್ನೆರಡು ವರ್ಷದ ಆಸೆ ಇತ್ತಲ್ಲ.

ಚಕ್ರದ ಅಚ್ಚಿನ ಮೊನೆ, ಅದು ಕೂರಬೇಕಾದ ಅವನ ಗಡಿಯಾರದ ಪುಟ್ಟ ಕಲ್ಲಿನ ತೂತಿಗೆ ಒಂದಿಷ್ಟು ದಪ್ಪವಾಯಿತು. ಕಂಪನಿ ಒಂದೇ ಆದರೂ ಇದು ಹಿಂದಿನ ತಲೆಮಾರಿನದು. ಅವನು ಬಗ್ಗಿ ಕೂತು ಎರಡು ಗಂಟೆ ಸಾಣೆ ಹಿಡಿದ. ಕೂದಲಿಗಿಂತ ತೆಳ್ಳಗಿನ ಉಕ್ಕನ್ನು ಇನ್ನೂ ತೆಳ್ಳಗೆ ಮಾಡಿದ. ಕೂರಿಸಿದ. ಗಡಿಯಾರ ಓಡಿತು. ಕೊಟ್ರೇಶನ ಕಣ್ಣಲ್ಲಿ ನೀರು ಬಂತು. ಕೆಳಗೆ ಅವನ ಮಗಳು ಎರಡು ಕೌದಿ ಹೊದ್ದು ನಡುಗುತ್ತಿದ್ದಳು.

ಸೋಮವಾರ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು. ಇನ್ನೊಂದು ಕಡೆ ಇಟ್ಟು ಕೇಳಿದರು. ಕೊಳವೆಯನ್ನೇ ಬದಲಾಯಿಸಿದರು. ಯಂತ್ರ ಹಚ್ಚಿದರು. ಕಾಗದದ ಮೇಲೆ ಉದ್ದಕ್ಕೂ ಒಂದೇ ಗೀಟು ಬಂತು. ಯಂತ್ರ ಕೆಟ್ಟಿರಬೇಕು, ನಾಳೆ ಹೈದರಾಬಾದಿಗೆ ಕರೆದೊಯ್ಯಿರಿ ಎಂದು ಹೇಳುವಾಗ ಅವರ ಮುಖ ಬಿಳುಪೇರಿತ್ತು. ಯಾಕೆಂದರೆ ಜ್ಯೋತಿ ಆ ಹೊತ್ತಿಗೆ ಅವರ ಮೇಜಿನ ಮೇಲಿನ ಪೆನ್ನು ಹಿಡಿದು ಆಡುತ್ತ ಕೂತಿದ್ದಳು. ಮನೆಗೆ ಬಂದ ಮೇಲೆ ಕೊಟ್ರೇಶ ಮಗಳ ಎದೆಗೆ ಕಿವಿ ಇಟ್ಟ. ಒಳಗೆ ಏನೂ ಇರಲಿಲ್ಲ. ಬೀಗ ಹಾಕಿದ ಮನೆಗೆ ಕಿವಿ ಇಟ್ಟಂತೆ.

"ಅಪ್ಪಾ, ಇಲ್ಲಿ ಖಾಲಿ ಖಾಲಿ ಅನಸ್ತೈತಿ," ಎಂದು ಹುಡುಗಿ ಎದೆಯನ್ನು ತೋರಿಸಿದಳು. ತುಟಿ ನೀಲಿಗಟ್ಟಿತ್ತು.

ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಕೊಟ್ರೇಶ ಮಕ್ತಲದಲ್ಲಿ ಯಂಕಣ್ಣನ ಬಾಗಿಲಲ್ಲಿದ್ದ. ಎಲ್ಲ ಹೇಳಿದ. ಮುದುಕ ಬೈಯಲಿಲ್ಲ. ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಹೊರಬಿದ್ದ.

"ಮೂರನೇ ದಿನ ಹೊತ್ತು ಮುಳುಗೂದರಾಗ ಇಡಬೇಕು. ಇವತ್ತ ಮೂರನೇ ದಿನ. ಏನು ತಗದೀಯೋ ಅದನ್ನ ಇಡಬೇಕು. ತಂದೀಯೇನು?"

"ತಂದೀನ್ರಿ."

ತಂದಿದ್ದು ನಿಜ. ಎರಡನ್ನೂ ತಂದಿದ್ದ. ಎಡಗಿಸೆಯಲ್ಲಿ ಅಸಲಿ, ಬಲಗಿಸೆಯಲ್ಲಿ ಮುಂಬಯಿಯ ನಕಲಿ. ಕಾರು ಓಡಿಸುತ್ತ ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಲೆಕ್ಕ. ತಗಡಿನ ಡಬ್ಬಿಗೆ ಭೂತಗನ್ನಡಿ ಇದೆಯೇ? ತೂಕ ಒಂದೇ, ಅಳತೆ ಒಂದೇ. ಅಸಲಿಯ ಮೊನೆಯನ್ನು ಹೇಗೂ ಸಾಣೆ ಹಿಡಿದಾಗಿದೆ, ಅದು ಇನ್ನು ಡಬ್ಬಿಯ ಗಡಿಯಾರಕ್ಕೆ ಸರಿಹೊಂದುವುದೂ ಇಲ್ಲ. ಈ ನಕಲಿಯ ಮೊನೆಯನ್ನು ಮಾಡಿದವರು ದಪ್ಪಗೇ ಬಿಟ್ಟಿದ್ದಾರೆ, ಇದೇ ಅದಕ್ಕೆ ಚೆನ್ನಾಗಿ ಕೂರುತ್ತದೆ. ಇದರಿಂದ ಅದಕ್ಕೆ ಲಾಭವೇ. ಮಗಳು ಸಾಯುತ್ತಿರುವಾಗ ಮನುಷ್ಯ ಹೀಗೆ ಯೋಚಿಸುತ್ತಾನೆಯೇ ಎಂದು ನೀವು ಕೇಳಬಹುದು. ಗಾಜಿನ ಬೀರು ಇಟ್ಟುಕೊಂಡವರನ್ನು ನೀವು ಹತ್ತಿರದಿಂದ ನೋಡಿಲ್ಲ.

ಗದ್ವಾಲದ ಆ ಖೋಲಿಯ ಬಾಗಿಲು ತೆಗೆದಾಗ ಕಾಲಿಗೆ ಏನೋ ತಗುಲಿತು. ಅವನಿಟ್ಟಿದ್ದ ಸತ್ತ ಸೆಲ್ಲು ಹೊಸ್ತಿಲ ಬಳಿ ಬಿದ್ದಿತ್ತು. ಹಲ್ಲಿನಿಂದ ಕಚ್ಚಿ ಉಗಿದಂತೆ ಮಧ್ಯದಲ್ಲಿ ತಗ್ಗು ಬಿದ್ದಿತ್ತು. ಡಬ್ಬಿಯೊಳಗೆ ಸದ್ದು ಜೋರಾಗಿತ್ತು. ಲಬ್. ಲಬ್. ಈಗ ಅದು ಯಾವ ಗಡಿಯಾರದ ಸದ್ದೂ ಆಗಿರಲಿಲ್ಲ. ಕೊಟ್ರೇಶ ಹಿಂಬದಿ ತೆಗೆದ. ಚಕ್ರವಿಲ್ಲದ ಜಾಗದಲ್ಲಿ ಕತ್ತಲೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಅವನ ಕೈ ಬಲಗಿಸೆಗೆ ಹೋಯಿತು.

"ಅದ ಐತೇನು?" ಯಂಕಣ್ಣನ ಪೊರೆಗಣ್ಣುಗಳು ಅವನತ್ತ ತಿರುಗಿದ್ದವು. "ನನಗ ಕಾಣಂಗಿಲ್ಲ. ನೀನ ಹೇಳಬೇಕು. ಮಗಳ ಮ್ಯಾಲ ಆಣಿ ಮಾಡು."

"ಅದ ಐತ್ರಿ. ಮಗಳಾಣಿಗೂ ಅದ ಐತಿ."

ಕೂರಿಸಿದ. ಚಕ್ರ ಒಮ್ಮೆ ನಡುಗಿ ತೂಗತೊಡಗಿತು. ಟಿಕ್. ಟಿಕ್. ಒಣ ಸದ್ದು, ಲೋಹದ ಸದ್ದು. ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಬಸವೇಶ್ವರಿ ಅಳುತ್ತ ನಗುತ್ತಿದ್ದಳು. ಜ್ಯೋತಿ ಎದ್ದು ಕೂತಿದ್ದಾಳೆ, ಮೈ ಬೆಚ್ಚಗಾಗಿದೆ, ಹಸಿವು ಅನ್ನುತ್ತಿದ್ದಾಳೆ. ಕೊಟ್ರೇಶ ಎಡಗಿಸೆಯನ್ನು ಒಮ್ಮೆ ಒತ್ತಿ ನೋಡಿಕೊಂಡು ಖೋಲಿಯಿಂದ ಹೊರಗೆ ಬಂದ. ಮಾಟಕ್ಕೇ ಟೋಪಿ ಹಾಕಿದೆನೆಂಬ ಹಿಗ್ಗಿನಲ್ಲಿ ದಾರಿಯಲ್ಲಿ ಮಿಠಾಯಿ ಕಟ್ಟಿಸಿದ.

ಮನೆ ಬಾಗಿಲಿಗೆ ಮಗಳು ಓಡಿ ಬಂದಳು. ಎತ್ತಿಕೊಂಡ. ಎತ್ತಿಕೊಂಡವನೇ ನಿಂತುಬಿಟ್ಟ.

ಜ್ಯೋತಿಯ ಎಡ ಮೊಣಕೈ ಮೇಲೆ, ನಾಲ್ಕು ವರ್ಷದವಳಿದ್ದಾಗ ಬಿಸಿ ಗಂಜಿ ಬಿದ್ದು ಸುಟ್ಟ ಗಾಯದ ಕಲೆ ಇತ್ತು. ಕಲೆ ಈಗಲೂ ಇತ್ತು. ಆಕಾರ ಅದೇ, ಬಣ್ಣ ಅದೇ. ಆದರೆ ಹೆಬ್ಬೆರಳು ಆಡಿಸಿದರೆ ಉಬ್ಬು ಇರಲಿಲ್ಲ, ಸುಕ್ಕಿರಲಿಲ್ಲ. ಚರ್ಮ ನುಣ್ಣಗಿತ್ತು. ಕಲೆಯನ್ನು ಅಚ್ಚು ಹಾಕಿದ್ದರು. ನಕಲಿ ಗಡಿಯಾರದ ಮುಖದ ಮೇಲೆ ಅಂಕಿಗಳು ಇರುವುದು ಹೀಗೆಯೇ. ಕಣ್ಣಿಗೆ ಗೊತ್ತಾಗುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಜಗತ್ತಿನಲ್ಲಿ ಬೇರೆ ಯಾವ ತಂದೆಗೂ ಅಷ್ಟು ಬೇಗ ತಿಳಿಯುತ್ತಿರಲಿಲ್ಲ. ಕೊಟ್ರೇಶನಿಗೆ ಎರಡು ನಿಮಿಷದಲ್ಲಿ ತಿಳಿಯಿತು.

"ಅಪ್ಪಾ, ನನಗೇನು ತಂದಿ?" ಎಂದಿತು ಅದು. ದನಿಯೂ ಅದೇ.

ಅವನು ಮಿಠಾಯಿಯ ಪೊಟ್ಟಣ ಕೊಟ್ಟ. ಯಾರಿಗೂ ಏನೂ ಹೇಳಲಿಲ್ಲ. ಮಹಡಿಗೆ ಹೋಗಿ ಅಸಲಿ ಚಕ್ರವನ್ನು ತಾಲೂಕ್ದಾರನ ಗಡಿಯಾರಕ್ಕೆ ಕೂರಿಸಿ ಬೀರುವಿಗೆ ಬೀಗ ಹಾಕಿದ. ಹನ್ನೊಂದು ದಿನ ಹಾಗೆಯೇ ಕಳೆದ. ಅದು ಹೇಳಿದ ಮಾತು ಕೇಳುತ್ತಿತ್ತು, ತಟ್ಟೆಯಲ್ಲಿ ಅನ್ನ ಬಿಡುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ. ಸಂಜೆ ಹೊತ್ತು ಅಪ್ಪನ ತೊಡೆಯ ಮೇಲೆ ಬಂದು ಕೂರುತ್ತಿತ್ತು. ಒಂದೊಂದು ಸಲ ಅವನಿಗೆ, ಇರಲಿ ಬಿಡು, ಇದೂ ಕೆಟ್ಟದ್ದಲ್ಲ ಅನ್ನಿಸುತ್ತಿತ್ತು. ಅವನ ಬಗ್ಗೆ ನನಗೆ ತಿಳಿದಿರುವ ಸಂಗತಿಗಳಲ್ಲಿ ಎಲ್ಲಕ್ಕಿಂತ ಹೇಸಿಗೆಯದು ಇದು.

ಹನ್ನೆರಡನೆಯ ದಿನ ಬೆಳಿಗ್ಗೆ ಬಸವೇಶ್ವರಿ ಮಹಡಿಗೆ ಬಂದಳು. ಅವಳ ಕೈಯಲ್ಲಿ ಬಾಚಣಿಗೆ ಇತ್ತು.

"ಹನ್ನೆರಡು ದಿನದಿಂದ ತಲಿ ಬಾಚ್ತೀನಿ. ಒಂದು ಕೂದಲ ಉದುರಿಲ್ಲ. ಒಂದು ಸಿಕ್ಕಿಲ್ಲ. ಕೆಳಗ ಇರಾಕಿ ಯಾರು?"

ಅವನು ನೆಲ ನೋಡಿದ.

"ನಿಮಗ ಗೊತ್ತಿತ್ತು," ಎಂದಳು. "ನಿಮಗ ಮೊದಲನೇ ದಿನಾನ ಗೊತ್ತಿತ್ತು. ನನ್ನ ಮಗಳು ಎಲ್ಲಿ ಅದಾಳ್ರಿ?"

ಅವನು ಎಲ್ಲ ಹೇಳಿದ. ಬಸವೇಶ್ವರಿ ಅಳಲಿಲ್ಲ. ಬೀರುವಿನ ಗಾಜಿಗೆ ಬಾಚಣಿಗೆ ಹಿಡಿದ ಕೈಯಿಂದಲೇ ಗುದ್ದಿದಳು. ರಕ್ತ ಸುರಿಯುವ ಕೈಯಿಂದ ತಾಲೂಕ್ದಾರನ ಗಡಿಯಾರ ತೆಗೆದು ಅವನ ಮಡಿಲಿಗೆ ಎಸೆದಳು. "ಹೋಗ್ರಿ. ನನ್ನ ಮಗಳನ್ನ ತರ್ರಿ."

ಮಕ್ತಲದಲ್ಲಿ ಯಂಕಣ್ಣ ಕೀಲಿಯನ್ನು ಕೈಗೆ ಕೊಟ್ಟ. ಬರಲು ಒಪ್ಪಲಿಲ್ಲ. "ಏನು ಕೊಟ್ಟೀಯೋ ಅದ ನಿನಗ ಬಂದೈತಿ. ನಕಲಿ ಓಡೂತನ ಗಡುವು ಮುರಿಯಂಗಿಲ್ಲ," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡ.

ನಡುಮಧ್ಯಾಹ್ನ. ಖೋಲಿಯೊಳಗೆ ಅದೇ ಕತ್ತಲೆ. ಸುಟ್ಟ ಕೂದಲಿನ ವಾಸನೆ ಈಗ ಗಂಟಲಿಗೆ ಇಳಿಯುತ್ತಿತ್ತು. ಫೋನನ್ನು ನೆಲಕ್ಕಿಟ್ಟು ಅದರ ಬೆಳಕಿನಲ್ಲಿ ಎರಡೂ ಗಡಿಯಾರ ಬಿಚ್ಚಿದ. ಎಡಕ್ಕೆ ಅಸಲಿ ಚಕ್ರ, ಬಟ್ಟೆಯ ಮೇಲೆ. ಡಬ್ಬಿಯೊಳಗೆ ನಕಲಿ, ಓಡುತ್ತ. ಒಂದನ್ನು ತೆಗೆಯದೆ ಇನ್ನೊಂದನ್ನು ಹಾಕಲಾಗದು. ಚಿಮಟ ಎತ್ತಿದ. ಫೋನು ಬಡಿದುಕೊಂಡಿತು. ಬಸವೇಶ್ವರಿಯ ಹೆಸರು. ಒತ್ತಿದ.

"ಅಪ್ಪಾ."

ಬಸವೇಶ್ವರಿಯಲ್ಲ.

"ಅಪ್ಪಾ, ತಗೀಬ್ಯಾಡ. ನಾನು ಏನು ಮಾಡೀನಿ? ನೀ ಹೇಳಿದ್ದೆಲ್ಲ ಕೇಳ್ತೀನಲ್ಲ."

ಅವನು ಕೈ ಮುಂದೆ ಚಾಚಿದ. ಚಿಮಟ ಚಕ್ರಕ್ಕೆ ತಾಗಿತು. ಆ ಕಡೆ ಸಣ್ಣ ಚೀತ್ಕಾರ.

"ಅಪ್ಪಾ, ನೋಯ್ತೈತಿ. ಅಪ್ಪಾ. ನೀನ ತಂದಿ ನನ್ನ. ನೀನ ತಂ—"

ಎಳೆದ.

ಸದ್ದಿಲ್ಲ. ಫೋನಿನಲ್ಲಿ ಸದ್ದಿಲ್ಲ. ಡಬ್ಬಿಯಲ್ಲಿ ಸದ್ದಿಲ್ಲ. ಅಸಲಿ ಚಕ್ರ ಎತ್ತಿದ. ಬೆವರು ಕಣ್ಣಿಗೆ ಇಳಿಯಿತು. ಇಟ್ಟ. ಕೂರಲಿಲ್ಲ. ಮತ್ತೆ ಇಟ್ಟ. ಮೊನೆ ತೂತಿನಲ್ಲಿ ಇಳಿಯಿತು, ಆದರೆ ಹಿಡಿಯಲಿಲ್ಲ. ದೊಡ್ಡ ಚಪ್ಪಲಿಯಲ್ಲಿ ಕೂಸಿನ ಕಾಲಿನಂತೆ ಅಲ್ಲಾಡಿತು. ಅವನೇ ತೆಳ್ಳಗೆ ಮಾಡಿದ ಮೊನೆ. ಎರಡು ಗಂಟೆ ಬಗ್ಗಿ ಕೂತು ಮಾಡಿದ್ದು. ಉಸಿರು ಬಿಗಿಹಿಡಿದ. ಚಕ್ರದ ಮೇಲಿನ ಪಟ್ಟಿಯನ್ನು ಬಿಗಿದ. ಚಕ್ರ ಓರೆಯಾಯಿತು. ನಿಂತಿತು. ಊದಿದ. ಅಲುಗಲಿಲ್ಲ. ಬಾ ತಾಯಿ. ಬಾ. ಗಡಿಯಾರವನ್ನು ಅಂಗಾತ ಮಲಗಿಸಿದ. ಚಕ್ರ ನೆಟ್ಟಗಾಯಿತು. ನಡುಗಿತು. ತೂಗಿತು.

ಟಿಕ್.

ಲಬ್.

ಫೋನಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಒಡಕು ದನಿ. "ಅವ್ವಾ... ಎಷ್ಟು ಕತ್ತಲಿತ್ತು ಅವ್ವಾ..." ಬಸವೇಶ್ವರಿ ಕಿರುಚಿದಳು. ಬಂದಳ್ರಿ, ನನ್ನ ಕೂಸು ಬಂತು, ಕಲಿ ಒರಟು ಒರಟು ಐತಿ, ಇದು ನಮ್ಮದ ಐತಿ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಮಂಚದ ಮೇಲೆ ಫ್ರಾಕು ಖಾಲಿಯಾಗಿ ಬಿದ್ದಿದ್ದು ಹೇಗೆ ಮತ್ತೆ ತುಂಬಿಕೊಂಡಿತು ಎಂಬುದನ್ನು ಅವಳು ಹೇಳಿದ್ದು ಬಹಳ ದಿನಗಳ ನಂತರ. ಆಗ ಅವಳು ಮಗಳನ್ನು ಬಾಚಿ ಎತ್ತಿಕೊಂಡಿರಬೇಕು. ಯಾಕೆಂದರೆ ಕೊಟ್ರೇಶನ ಕಣ್ಣೆದುರಿಗೆ, ಯಾರೂ ಮುಟ್ಟದೆ, ಚಕ್ರ ಓರೆಯಾಗಿ ನಿಂತಿತು.

"ಉಸಿರಿಲ್ಲ! ಏ, ಉಸಿರಿಲ್ಲ ಆಕಿಗೆ!"

"ಮಲಗಸು!" ಎಂದು ಅವನು ಅರಚಿದ. "ಅಂಗಾತ ಮಲಗಸು!"

ಮಲಗಿಸಿದಳು. ಚಕ್ರ ತೂಗಿತು. ಆ ಕಡೆ ಕೆಮ್ಮು, ಅಳು.

"ಮತ್ತೊಮ್ಮೆ ಮೆಲ್ಲಕ ಎಬ್ಬಿಸು."

ಚಕ್ರ ನಿಂತಿತು.

"ಮಲಗಸು."

ಓಡಿತು.

ರಿಪೇರಿಯವರಿಗೆಲ್ಲ ಗೊತ್ತಿರುವ ರೋಗ ಅದು. ಮೊನೆ ತೆಳುವಾದ ಗಡಿಯಾರ ಮಲಗಿಸಿದರೆ ಓಡುತ್ತದೆ, ಎತ್ತಿ ನಿಲ್ಲಿಸಿದರೆ ನಿಲ್ಲುತ್ತದೆ. ಸವೆದ ಉಕ್ಕನ್ನು ಮತ್ತೆ ಬೆಳೆಸುವ ವಿದ್ಯೆ ಯಾರ ಬಳಿಯೂ ಇಲ್ಲ. ಅಚ್ಚು ಬದಲಿ ಮಾಡಬಹುದು. ಆದರೆ ಬದಲಿ ಹಾಕಿದರೆ ಏನು ಬರುತ್ತದೆ ಎಂಬುದನ್ನು ಆ ಮನೆಯವರು ಹನ್ನೆರಡು ದಿನ ನೋಡಿದ್ದರು. ಕೊಟ್ರೇಶ ಡಬ್ಬಿಯ ಮುಚ್ಚಳ ಹಾಕಿ ಎಷ್ಟೋ ಹೊತ್ತು ಆ ಕತ್ತಲೆಯಲ್ಲಿ ಮಂಡಿಯೂರಿ ಕೂತಿದ್ದ.

ಮೂರು ವರ್ಷವಾಯಿತು. ಹೈದರಾಬಾದು, ಸೊಲ್ಲಾಪುರ, ವೆಲ್ಲೂರು ಎಲ್ಲ ಆಯಿತು. ಮಲಗಿಸಿದಂತೆಯೇ ಕರೆದೊಯ್ದು ಮಲಗಿಸಿದಂತೆಯೇ ಕರೆತಂದರು. ಜ್ಯೋತಿಗೆ ಈಗ ಹನ್ನೊಂದು. ಬೆಳೆದಿದ್ದಾಳೆ. ಮಂಚ ಗಿಡ್ಡವಾಗತೊಡಗಿದೆ. ಬಸವೇಶ್ವರಿ ಮಲಗಿಸಿಯೇ ಉಣ್ಣಿಸುತ್ತಾಳೆ, ಮಲಗಿಸಿಯೇ ಮೈ ಒರೆಸುತ್ತಾಳೆ, ಬೆನ್ನಿನ ಹುಣ್ಣಿಗೆ ದಿನಕ್ಕೆರಡು ಸಲ ಕೈಯನ್ನಷ್ಟೇ ಕೆಳಗೆ ತೂರಿಸಿ ಮುಲಾಮು ಹಚ್ಚುತ್ತಾಳೆ. ಗಂಡನ ಜೊತೆ ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡುವುದಿಲ್ಲ. ಬೀರು, ಗಡಿಯಾರ, ಎಲ್ಲ ಹೋದವು.

ಮೊನ್ನೆ ಶಾಲೆಯ ಹುಡುಗಿಯರು ಬಂದು ಹೋದ ಮೇಲೆ ಜ್ಯೋತಿ ಅಪ್ಪನನ್ನು ಕರೆದಳು.

"ಅಪ್ಪಾ, ಒಂದಾ ಸಲ ಗೋಡಿಗೆ ಆನಿಸಿ ಕುಂದರಸು. ನೀ ಹತ್ತು ಎಣಿಸೂತನ. ರಸ್ತೆ ನೋಡಿ ಮತ್ತ ಮಲಗತೀನಿ."

"ನಾಳೆ ನೋಡೂಣವ್ವ," ಎಂದ ಅವನು, ಮೂರು ವರ್ಷದಿಂದ ಹೇಳಿದಂತೆ.

ಬಾಗಿಲಲ್ಲಿ ಬಸವೇಶ್ವರಿ ನಿಂತಿದ್ದಳು. "ಯಾಕ ಕುಂದರಸಾಕ ಬರಂಗಿಲ್ಲ ಅಂತ ಆಕಿಗೆ ಹೇಳ್ರಿ. ದೊಡ್ಡಾಕಿ ಆಗ್ಯಾಳ. ಇವತ್ತ ನೀವ ಹೇಳಬೇಕು. ನಾ ಇಲ್ಲೇ ನಿಂತು ಕೇಳ್ತೀನಿ."

ಕೊಟ್ರೇಶ ಹೇಳಿದ. ಮಂಚದ ಕಾಲನ್ನು ನೋಡುತ್ತ ಹೇಳಿದ. ಕೂಟ, ಡಬ್ಬಿ, ಸಾಣೆ, ಎರಡು ಕಿಸೆ, ಆಣೆ, ಹನ್ನೊಂದು ದಿನದ ಮೌನ. ಜ್ಯೋತಿ ಸೂರಿನ ಕಡೆ ಕಣ್ಣು ನೆಟ್ಟು ಕೊನೆಯ ತನಕ ಕೇಳಿದಳು. ಅಳಲಿಲ್ಲ.

"ಇನ್ನೊಬ್ಬಾಕಿ ಇದ್ದಳಲ್ಲ," ಎಂದಳು. "ತಗಿಯೂ ಮುಂದ ಆಕಿ ಅತ್ತಳೇನು?"

"ಹೂಂ."

"ಅಪ್ಪಾ ಅಂದಳೇನು?"

"ಹೂಂ."

ಜ್ಯೋತಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅವಳ ಮೈಯಲ್ಲಿ ತಿರುಗಿಸಲು ಬರುತ್ತಿದ್ದದ್ದು ಅದೊಂದೇ.